ಹಾಸಿಗೆಯಿಂದಲೇ ಕಾಂಪೌಂಡ್ ಗೋಡೆ ತೋರಿಸಿದ ಮೋಟಾರ್‌ಹೋಮ್ ಸಂಸ್ಥೆಗೆ

ಸಾಗರಸೌಖ್ಯ ಮೋಟಾರ್‌ಹೋಮ್ ಸಂಸ್ಥೆಯ ಮಾನ್ಯ ಮುಖ್ಯಸ್ಥರೇ,

ಕಲ್ಯಾಣಪುರದ ನಿವೃತ್ತ ಶಿಕ್ಷಕಿ ಪ್ರೆಸಿಲ್ಲಾ ತಮಗೂ ತಮ್ಮ ಇಪ್ಪತ್ತನಾಲ್ಕು ಅಡಿ ಉದ್ದದ ವಾಹನಕ್ಕೂ ಸಲ್ಲಿಸುವ ನಮಸ್ಕಾರಗಳು. ಕಳೆದ ಶನಿವಾರ ತಾವು ನಮಗೆ ಕರುಣಿಸಿದ ‘ಹಾಸಿಗೆಯಿಂದಲೇ ಕಡಲು’ ಪ್ರವಾಸಕ್ಕೆ ಕೃತಜ್ಞತೆ ಹೇಳದಿದ್ದರೆ ಮಲ್ಪೆ ಬಂದರಿನ ಬೆಕ್ಕುಗಳೂ ನನ್ನನ್ನು ಉಪಕಾರಗೇಡಿ ಎಂದಾವು.

ನನ್ನ ಯಜಮಾನರು ಇಮ್ಯಾನುಯೆಲ್ ಮೂವತ್ತೊಂದು ವರ್ಷ ಮಲ್ಪೆಯಿಂದ ಮೀನಿನ ಲಾರಿ ಓಡಿಸಿದವರು. ಕಡಲು ಪಕ್ಕದಲ್ಲೇ ಇದ್ದರೂ, ಬೆನ್ನ ಹಿಂದೆ ಐಸು ಕರಗುತ್ತಿದ್ದುದರಿಂದ ಒಮ್ಮೆಯೂ ಲಾರಿ ನಿಲ್ಲಿಸಿ ಅದನ್ನು ನೋಡಿದವರಲ್ಲ. ಹೋದ ವರ್ಷ ಸಕ್ಕರೆ ಕಾಯಿಲೆಗೆ ಅವರ ಬಲಗಾಲು ಹೋಯಿತು. ಆಮೇಲೆ ಆಸ್ಪತ್ರೆಗಲ್ಲದೆ ಹೊಸ್ತಿಲು ದಾಟದಿದ್ದ ಅವರು, ಗಾಲಿಕುರ್ಚಿಯನ್ನು ಎತ್ತಿ ಒಳಗಿಡುವ ತಮ್ಮ ವಾಹನದ ಬಾಗಿಲನ್ನು ಜಾಹೀರಾತಿನಲ್ಲಿ ಕಂಡು, “ಒಮ್ಮೆ ಕಾಪುವಿಗೆ ಹೋಗುವ. ಸುಮ್ಮನೆ ಕೂತು ಕಡಲು ನೋಡ್ಲಿಕ್ಕೆ” ಎಂದರು. ಇಡೀ ವರ್ಷದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ತಮ್ಮ ಚಾಲಕ ಧನರಾಜ್ ಅವರ ಶಿಸ್ತು ಪ್ರಶಂಸನೀಯ. ಮಟ್ಟುವಿನಲ್ಲಿ ವಾಹನದ ದಾರಿ ತೋರಿಸುವ ಪರದೆ ಒಂದು ಓಣಿಯನ್ನು ತೋರಿಸಿದಾಗ ಯಜಮಾನರು ಮಲಗಿದಲ್ಲಿಂದಲೇ, “ಆ ದಾರಿ ಬೇಡ ಮಾರಾಯ್ರೇ, ಮುಂದೆ ತಿರುವು ಉಂಟು” ಎಂದರು. ಪರದೆ ಹೇಳಿದ ದಾರಿಯನ್ನು ಬಿಡಬಾರದೆಂದು ಸಂಸ್ಥೆಯ ನಿಯಮವಿದೆ ಎಂದು ಧನರಾಜ್ ವಿನಯದಿಂದ ಉತ್ತರಿಸಿ, ನಿಯಮದ ಪ್ರಕಾರವೇ ವಾಹನವನ್ನು ತಿರುವಿನಲ್ಲಿ ಸಿಕ್ಕಿಸಿದರು. ಎಡಬದಿಯ ಬಾಗಿಲು ಒಂದು ಕಾಂಪೌಂಡ್ ಗೋಡೆಗೆ ಅಂಟಿಕೊಂಡಿತು. ಹಾಸಿಗೆಯ ಕಿಟಕಿಯೂ ಅದೇ ಬದಿಯಲ್ಲಿತ್ತು. ಕಡಲಿದ್ದ ಬಲಬದಿಯನ್ನು ತಾವು ದೂರದೃಷ್ಟಿಯಿಂದ ಶೌಚಾಲಯಕ್ಕೆ ಮೀಸಲಿಟ್ಟಿದ್ದಿರಿ.

ಎರಡು ಗಂಟೆ ಯಜಮಾನರು ಪಾಚಿಗಟ್ಟಿದ ಕೆಂಪು ಕಲ್ಲುಗಳನ್ನು ನೋಡುತ್ತ ಮಲಗಿದ್ದರು. ತಮ್ಮ ಸಹಾಯವಾಣಿಯ ಹೆಣ್ಣುಮಗಳು ನಾನು ಕರೆ ಮಾಡಿದಾಗಲೆಲ್ಲ ದೃಶ್ಯವನ್ನು ಆಸ್ವಾದಿಸುವಂತೆ ಸಲಹೆ ನೀಡಿದಳು. ನಾಲ್ಕನೆಯ ಕರೆಯ ಹೊತ್ತಿಗೆ ಯಜಮಾನರು ಗೋಡೆಯ ಕಡೆಗೂ ಬೆನ್ನು ಹಾಕಿ, ಮನೆಗೆ ಹೋಗೋಣ, ಸಾಕು ಎಂದರು. ಕಾಲು ಕಳೆದುಕೊಂಡ ದಿನವೂ ನಾನು ಅವರಲ್ಲಿ ಆ ದನಿಯನ್ನು ಕೇಳಿರಲಿಲ್ಲ.

ಅಷ್ಟರಲ್ಲಿ ಕಾಪು ಕಡೆಯಿಂದ ಖಾಲಿ ಮೀನು ಕ್ರೇಟುಗಳ ಮಿನಿಲಾರಿಯಲ್ಲಿ ಬಂದ ಹೂವಪ್ಪ, ದಾರಿ ಮುಚ್ಚಿದ್ದಕ್ಕೆ ಬೈಯಲೆಂದು ಇಳಿದು, ಒಳಗಿದ್ದವರನ್ನು ಕಂಡು ಬೈಗಳನ್ನು ನುಂಗಿಕೊಂಡರು. ಅವರಿಗೆ ಲಾರಿ ಕಲಿಸಿದವರು ನನ್ನ ಯಜಮಾನರೇ. ಹೂವಪ್ಪ ಧನರಾಜ್ ಜೊತೆ ಸೇರಿ ಹಿಂಬದಿ ಕಿಟಕಿಯ ರಬ್ಬರು ಕಿತ್ತು, ಗಾಜನ್ನು ಇಳಿಸಿ, “ಅಣ್ಣ, ನನ್ನ ಕುತ್ತಿಗೆ ಹಿಡ್ಕೊಳ್ಳಿ” ಎಂದು ಯಜಮಾನರನ್ನು ಹೊತ್ತು ಹೊರತಂದರು. ಯಜಮಾನರು ಹೊರಟುಬಿಡಲಿಲ್ಲ. ಗಾಲಿಕುರ್ಚಿಯಲ್ಲಿ ರಸ್ತೆಯ ಮಧ್ಯೆ ಕುಳಿತು, ಕೈಸನ್ನೆಯಲ್ಲೇ ಹೂವಪ್ಪರಿಂದ ತಮ್ಮ ಮೋಟಾರ್‌ಹೋಮನ್ನು ಒಂದೊಂದೇ ಗೇಣು ಹಿಂದೆ ತೆಗೆಸಿದರು. ಗೋಡೆಗೆ ಮತ್ತೆ ಒಂದು ಗೀರೂ ಬೀಳಲಿಲ್ಲ. ಧನರಾಜ್ ಪರದೆಯನ್ನು ಆರಿಸಿ, “ಮೊದಲೇ ನಿಮ್ಮ ಮಾತು ಕೇಳಬೇಕಿತ್ತು” ಎಂದು ಯಜಮಾನರ ಕೈ ಹಿಡಿದರು. ಈ ತಪ್ಪಿಗಾಗಿ ತಾವು ಅವರನ್ನು ಶಿಕ್ಷಿಸಬಾರದೆಂದು ವಿನಂತಿ.

ಹೂವಪ್ಪರ ಲಾರಿಯಲ್ಲಿ ಕಾಪು ತಲುಪಿದಾಗ ಹೊತ್ತು ಮುಳುಗಲು ಸ್ವಲ್ಪವೇ ಉಳಿದಿತ್ತು. ಯಜಮಾನರು ಗಾಲಿಕುರ್ಚಿಯನ್ನು ಅಲೆಗಳ ಕಡೆಗೆ ತಿರುಗಿಸಿಕೊಂಡರು. ಆಮೇಲೆ, “ಇಷ್ಟು ಸದ್ದು ಮಾಡ್ತದೆ ಅಂತ ಗೊತ್ತೇ ಇರ್ಲಿಲ್ಲ. ಇಂಜಿನ್ ಆಫ್ ಮಾಡಿ ಕೇಳಿದ್ದೇ ಇಲ್ಲ ಅಲ್ವಾ” ಎಂದರು.

ಆದ್ದರಿಂದ ತಾವು ಶೌಚಾಲಯವನ್ನು ಸ್ಥಳಾಂತರಿಸುವ ಕಷ್ಟ ತೆಗೆದುಕೊಳ್ಳದೆ, ಅರಬ್ಬೀ ಸಮುದ್ರವನ್ನೇ ರಸ್ತೆಯ ಎಡಬದಿಗೆ ವರ್ಗಾಯಿಸುವಂತೆ ಸಂಬಂಧಪಟ್ಟವರಿಗೆ ಬರೆಯಬೇಕಾಗಿ ಪ್ರಾರ್ಥನೆ.

ತಮ್ಮ ವಾಹನದ ಕಿಟಕಿಯಷ್ಟೇ ಸಡಿಲವಾದ ವಿಶ್ವಾಸವುಳ್ಳ ವಿಶ್ವಾಸಿ,
ಪ್ರೆಸಿಲ್ಲಾ

ಮರೆತ ಮಾತು: ಹೂವಪ್ಪ ತೆಗೆದು ಧನರಾಜ್‌ಗೆ ಕಳುಹಿಸಿದ, ಕಾಪು ತೀರದಲ್ಲಿ ನಗುತ್ತಿರುವ ಯಜಮಾನರ ಫೋಟೋವನ್ನು ಮುಂದಿನ ಜಾಹೀರಾತಿಗೆ ಬಳಸಲು ತಾವು ನಿನ್ನೆ ಅನುಮತಿ ಕೇಳಿದ್ದೀರಿ. ಅವರ ಒಪ್ಪಿಗೆ ಉಂಟು. ಹಿಂದೆ ನಿಂತಿರುವ ಮೀನಿನ ಲಾರಿಯನ್ನು ಮಾತ್ರ ಕತ್ತರಿಸಬಾರದಂತೆ.