ಜೋಡಿ ಲೆಕ್ಕ

ತಪ್ಪು ಮೇಷ್ಟ್ರದ್ದೇ. ಹಿಂದಿನ ದಿನ ಶಾಲೆ ಬಿಡುವ ಹೊತ್ತಿಗೆ ಒಂದನೇ ಕ್ಲಾಸಿನ ಮಕ್ಕಳಿಗೆ, "ಲೆಕ್ಕ ಅನ್ನೋದು ಪುಸ್ತಕದಲ್ಲಿಲ್ಲ ಮಕ್ಕಳೇ, ಮನೆ ತುಂಬ ಬಿದ್ದಿದೆ. ನಾಳೆ ಬೆಳಿಗ್ಗೆ ಕಣ್ಣಿಗೆ ಕಂಡಿದ್ದನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಆಮೇಲೆ ಶಾಲೆಗೆ ಬನ್ನಿ" ಎಂದು ಹೇಳಿ ಕಳಿಸಿದ್ದರು. ಯಾರ ಕಣ್ಣಿಗೆ ಏನು ಕಾಣುತ್ತದೋ ಎಂದು ಅವರು ಯೋಚಿಸಲಿಲ್ಲ. ಆ ಮಕ್ಕಳಲ್ಲಿ ತಮ್ಮ ಮಗಳು ಪುಟ್ಟಿಯೂ ಒಬ್ಬಳು ಎಂಬುದಂತೂ ನೆನಪೇ ಆಗಲಿಲ್ಲ.

ಮೇಷ್ಟ್ರ ಕ್ಲಾಸಿನಲ್ಲಿ ಮಗ್ಗಿ ಕೂಗುವುದು ಕಡಿಮೆ. ಅಂಗಿಯ ಗುಂಡಿಗಳನ್ನು ಬಣ್ಣಕ್ಕೊಂದು ಗುಂಪು ಮಾಡುವುದು, ಬೆಂಚನ್ನು ಗೇಣಿನಲ್ಲಿ ಅಳೆಯುವುದು, ಯಾವ ಬಾಟಲಿಗೆ ಹೆಚ್ಚು ನೀರು ಹಿಡಿಯುತ್ತದೆ ಎಂದು ಜಗಳವಾಡಿ ಕೊನೆಗೆ ಸುರಿದು ನೋಡುವುದು, ಹೀಗೆ. ಹೆಡ್‌ಮೇಡಂಗೆ ಇದು ಸೇರದು. "ಮೇಷ್ಟ್ರೇ, ನಿಮ್ಮದು ಕ್ಲಾಸೋ, ಗುಜರಿ ಅಂಗಡಿಯೋ?" ಎಂದು ಕೇಳಿ ಕೇಳಿ ಸಾಕಾಗಿ ಮೇಲಿನವರಿಗೆ ಬರೆದುಬಿಟ್ಟಿದ್ದರು. ಈವತ್ತು ಇಲಾಖೆಯ ಸಾಹೇಬರೇ ಬಂದು ಪಾಠ ನೋಡುವವರಿದ್ದರು. ಅವರು ಸೈ ಅಂದರೆ ಮೇಷ್ಟ್ರ ಪಾಠ ಉಳಿಯುತ್ತದೆ. ಇಲ್ಲವಾದರೆ ಗುಂಡಿ, ಬಾಟಲಿ ಎಲ್ಲ ನಿಜವಾದ ಗುಜರಿಗೆ, ಮೇಷ್ಟ್ರು ಮತ್ತೆ ಮಗ್ಗಿಗೆ.

ಈ ದಿನಕ್ಕೆಂದೇ ಹೆಂಡತಿ ಒಂದು ಜೊತೆ ಕರಿ ಶೂ ಕೊಡಿಸಿದ್ದಳು. "ನಿಮ್ಮ ಪಾಠ ಹೇಗಾದ್ರೂ ಇರಲಿ, ಕಾಲಾದ್ರೂ ಮರ್ಯಾದೆಯಾಗಿ ಕಾಣಲಿ. ಕೊಡೆ, ಕನ್ನಡಕ ಕಳೆದ ಹಾಗೆ ಇದನ್ನೂ ಕಳೆದುಕೊಂಡು ಬಂದ್ರೆ ಆಮೇಲೆ ಬರಿಗಾಲೇ ಗತಿ" ಎಂದು ಮೊದಲೇ ಹೇಳಿಟ್ಟಿದ್ದಳು.

ಬೆಳಿಗ್ಗೆ ಮೇಷ್ಟ್ರು ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಮೆಟ್ಟಿಲ ಕಡೆಯಿಂದ ಗಲಾಟೆ ಕೇಳಿಸಿತು. ಅರ್ಧ ಗಡ್ಡದಲ್ಲೇ ಓಡಿ ಬಂದು ನೋಡಿದರೆ, ಇಡೀ ಕಟ್ಟಡದವರು ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿ, ಶೂಗಳೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದವು. ಎಡಗಾಲಿನವು ಎಡಗೋಡೆಗೆ, ಬಲಗಾಲಿನವು ಬಲಗೋಡೆಗೆ. ಕೆಳಗಿನ ಮೆಟ್ಟಿಲಲ್ಲಿ ಅಂಬೆಗಾಲಿಡುವ ಕೂಸಿನ ಉಲ್ಲನ್ ಬೂಟು, ಮೇಲಿನ ಮೆಟ್ಟಿಲಲ್ಲಿ ಲಾರಿ ಡ್ರೈವರನ ದೋಣಿಯಂಥ ಚಪ್ಪಲಿ. ಮೆಟ್ಟಿಲ ದೀಪ ಕೆಟ್ಟು ಎಷ್ಟೋ ದಿನವಾಗಿತ್ತು. ಪುಟ್ಟಿ ಟಾರ್ಚ್ ಹಿಡಿದು ಮ್ಯೂಸಿಯಂ ಕಾವಲುಗಾರನ ಹಾಗೆ ನಿಂತಿದ್ದಳು.

"ಅಪ್ಪ, ಒಂದೂ ತಪ್ಪಿಲ್ಲ. ಪಕ್ಕಪಕ್ಕ ಇಟ್ಟು ಅಳೆದು ನೋಡಿದೀನಿ" ಎಂದಳು.

ಎದುರು ಮನೆಯ ನರ್ಸಮ್ಮ ಒಂಟಿ ಕಾಲಲ್ಲಿ ಗೋಡೆ ಹಿಡಿದು ನಿಂತಿದ್ದರು. "ಮೇಷ್ಟ್ರೇ, ಡ್ಯೂಟಿಗೆ ಹೊತ್ತಾಯ್ತು. ಎಡಗಾಲಿಂದು ಸಿಕ್ಕಿದೆ, ಬಲಗಾಲಿಂದು ಎಲ್ಲಿದೆ ಅಂತ ನಿಮ್ಮ ಮಗಳನ್ನೇ ಕೇಳಿ ಹೇಳಿ."

ಮೇಲಿನ ಮನೆಯ ಗುಮಾಸ್ತರದು ಬೇರೆ ದೂರು. "ನಿನ್ನೆ ಸಂಜೆ ನಮ್ಮ ಭಾವ ಬಂದಿದ್ರು. ದೊಡ್ಡ ಕೆಲಸದಲ್ಲಿರೋರು. ಬೆಳಿಗ್ಗೆ ಬೇಗ ಹೊರಡಬೇಕು ಅಂತ ಈ ಕತ್ತಲಲ್ಲಿ ತಡಕಾಡಿ, ಕಾಲಿಗೆ ಹಿಡಿಸಿದ್ದನ್ನ ಹಾಕ್ಕೊಂಡು ಹೋದ್ರು. ಯಾರದ್ದು ಹಾಕ್ಕೊಂಡು ಹೋದ್ರೋ ದೇವರೇ ಬಲ್ಲ."

ಮೇಷ್ಟ್ರು ಮಗಳನ್ನು ಬಯ್ಯಲೆಂದೇ ಬಾಯಿ ತೆರೆದರು. ಆದರೆ ಆ ಸಾಲಿನ ಮೇಲೆ ಕಣ್ಣು ಹಾಯಿತು. ಕೂಸಿನ ಬೂಟಿನಿಂದ ಡ್ರೈವರನ ಚಪ್ಪಲಿಯವರೆಗೆ ಎಲ್ಲೂ ಏರುಪೇರಿಲ್ಲ. ಅವರಿಗೆ ನಿಜಕ್ಕೂ ಹೆಮ್ಮೆಯಾಯಿತು, ಬಾಯಿ ತಪ್ಪಿ "ಚೆನ್ನಾಗಿದೆ" ಅಂದುಬಿಟ್ಟರು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

"ಓಹೋ, ಇದು ನಿಮ್ಮದೇ ಪಾಠ ಅನ್ನಿ" ಎಂದರು ಗುಮಾಸ್ತರು.

"ನಾಳೆ ನಮ್ಮನ್ನೇ ಕುಳ್ಳರು, ಉದ್ದದೋರು ಅಂತ ಸಾಲಲ್ಲಿ ನಿಲ್ಲಿಸ್ತಾಳೆ ನೋಡ್ತಿರಿ" ಎಂದ ಲಾರಿ ಡ್ರೈವರ್.

"ನಿಲ್ಲಿಸ್ತೀನಿ ಮಾವ. ನೀವೇ ಕೊನೇಲಿ" ಎಂದಳು ಪುಟ್ಟಿ.

ಎಲ್ಲರ ಕಾಲಿಗೂ ಅವರವರದನ್ನು ಹುಡುಕಿಕೊಟ್ಟು, ಬೈಸಿಕೊಳ್ಳಬೇಕಾದಷ್ಟು ಬೈಸಿಕೊಂಡು, ಉಳಿದರ್ಧ ಗಡ್ಡ ಹೆರೆದು ಮೇಷ್ಟ್ರು ತಮ್ಮ ಶೂ ಹುಡುಕಿದರು. ಬಲಗಾಲಿನದು ಪಳಪಳ ಹೊಳೆಯುತ್ತ ಸಿಕ್ಕಿತು. ಎಡಗಾಲಿನದು ಇಲ್ಲ. ಅದರ ಜಾಗದಲ್ಲಿ ಅದೇ ಅಳತೆಯ, ಅದೇ ಕಪ್ಪಿನ, ಹಿಮ್ಮಡಿ ಸವೆದ ಮುದಿ ಶೂ ಒಂದು ಕೂತಿತ್ತು. ಗುಮಾಸ್ತರ ಭಾವ ಏನು ಮೆಟ್ಟಿಕೊಂಡು ಹೋದರು ಎಂಬುದು ಆಗ ತಿಳಿಯಿತು. ಹಳೆಯ ಚಪ್ಪಲಿ ಹಾಕಿಕೊಳ್ಳೋಣವೆಂದರೆ, ಹೊಸದು ಬಂತೆಂದು ಅದನ್ನು ಹೆಂಡತಿ ನಿನ್ನೆಯೇ ಎಸೆದಿದ್ದಳು. ಬೇರೆ ದಾರಿಯಿಲ್ಲದೆ ಹೆಂಡತಿಯ ಕಣ್ಣು ತಪ್ಪಿಸಿ ಎರಡನ್ನೂ ಮೆಟ್ಟಿ ಹೊರಟರು.

ಹೊಸದು ಸದ್ದಿಲ್ಲದೆ ನಡೆಯಿತು. ಹಳೆಯದು ಹೆಜ್ಜೆಗೊಮ್ಮೆ ಕಿರ್ರ್ ಎಂದಿತು.

"ಅಪ್ಪ, ನಿನ್ನ ಒಂದೇ ಕಾಲು ಮಾತಾಡುತ್ತೆ" ಎಂದಳು ಪುಟ್ಟಿ.

"ಸುಮ್ನೆ ನಡಿ ತಾಯಿ" ಎಂದರು ಮೇಷ್ಟ್ರು.

ಕ್ಲಾಸಿನಲ್ಲಿ ಅವರು ಮೇಜಿನ ಹಿಂದೆ ಕಾಲು ಅಡಗಿಸಿ ಅಲ್ಲಾಡದೆ ನಿಂತರು. ಹೊರಗೆ ಹೆಡ್‌ಮೇಡಂ ಯಾರನ್ನೋ ಸ್ವಾಗತಿಸುವ ದನಿ ಕೇಳಿತು. ಹಿಂದೆಯೇ ಒಂದು ಕಿರ್ರ್. ಸ್ವಲ್ಪ ಬಿಟ್ಟು ಇನ್ನೊಂದು ಕಿರ್ರ್. ಮೇಷ್ಟ್ರು ಗಾಬರಿಯಾಗಿ ತಮ್ಮ ಕಾಲನ್ನೇ ನೋಡಿಕೊಂಡರು. ಅದು ಇಟ್ಟಲ್ಲೇ ಇತ್ತು. ಸಾಹೇಬರು ಒಳಗೆ ಬಂದರು. ಅವರ ಬಲಗಾಲಿನ ಶೂ ಕಿರುಗುಟ್ಟುತ್ತಿತ್ತು, ಎಡಗಾಲಿನದು ಪಳಪಳ ಹೊಳೆಯುತ್ತಿತ್ತು.

ಗುಮಾಸ್ತರ ಭಾವ ಇವರೇ ಎಂದು ಮೇಷ್ಟ್ರಿಗೆ ಹೊಳೆಯಿತು. ಸಾಹೇಬರಿಗೂ ತಮ್ಮ ಕಾಲಿನ ಸಮಾಚಾರ ಗೊತ್ತಿದ್ದ ಹಾಗಿತ್ತು. ಕುರ್ಚಿಯಲ್ಲಿ ಕೂತವರೇ ಎರಡೂ ಪಾದ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ನಗುಮುಖ ಮಾಡಿ, "ಬೆಳಿಗ್ಗೆಯಿಂದ ಲೆಕ್ಕ ಎಲ್ಲೆಲ್ಲಿ ಬಂತು, ಯಾರು ಹೇಳ್ತೀರಾ?" ಎಂದು ಕೇಳಿದರು.

ಒಬ್ಬ ಅಡಿಗೆಮನೆಯ ಚಮಚ ಜೋಡಿಸಿದ್ದ. ಒಬ್ಬಳು ತಮ್ಮಂದಿರನ್ನು ಜೋಡಿಸಲು ಹೋಗಿ ಕಚ್ಚಿಸಿಕೊಂಡಿದ್ದಳು. ಪುಟ್ಟಿಯ ಕೈ ಮೊದಲಿನಿಂದಲೂ ಮೇಲೇ ಇತ್ತು. ಮೇಷ್ಟ್ರು ಅದೊಂದು ಕೈ ಬಿಟ್ಟು ಉಳಿದೆಲ್ಲ ಕೈಗಳನ್ನೂ ನೋಡುತ್ತಿದ್ದರು.

"ಆ ಮಗು ಪಾಪ, ಆಗಿನಿಂದ ಕೈ ಎತ್ತಿದೆ. ಹೇಳಮ್ಮ" ಎಂದರು ಸಾಹೇಬರು.

ಪುಟ್ಟಿ ಎದ್ದು ನಿಂತಳು. "ಸಾರ್, ನಿಮ್ಮ ಕಾಲಲ್ಲಿ ಜೋಡಿ ಇಲ್ಲ. ನಮ್ಮಪ್ಪ, ಅಲ್ಲ, ನಮ್ಮ ಮೇಷ್ಟ್ರ ಕಾಲಲ್ಲೂ ಜೋಡಿ ಇಲ್ಲ. ಎರಡನ್ನೂ ಸೇರಿಸಿದ್ರೆ ಎರಡು ಜೋಡಿ ಆಗುತ್ತೆ."

ಹೆಡ್‌ಮೇಡಂ ಮುಖ ಕಪ್ಪಿಟ್ಟಿತು. ಸಾಹೇಬರು ಬಗ್ಗಿ ಮೇಜಿನ ಕೆಳಗೆ ನೋಡಿದರು, ತಮ್ಮ ಕಾಲನ್ನೂ ನೋಡಿಕೊಂಡರು, ಹೊಟ್ಟೆ ಕುಣಿಸಿ ನಕ್ಕುಬಿಟ್ಟರು. "ಮೇಷ್ಟ್ರೇ, ನೀವಿರೋದು ನಮ್ಮ ಭಾಮೈದನ ಕಟ್ಟಡದಲ್ಲಾ? ಅಂತೂ ನಿಮ್ಮ ಪಾಠ ನನ್ನ ಕಾಲಿಗೇ ಬಂತು. ಎಲ್ಲಿ, ಜೋಡಿಸಿ ನೋಡೋಣ."

ಇಬ್ಬರೂ ಶೂ ಬಿಚ್ಚಿದರು. ಮಕ್ಕಳು ಮುತ್ತಿಕೊಂಡು ನಾಲ್ಕನ್ನೂ ತಿರುಗಿಸಿ, ಮೂಸಿ, ನೆಲಕ್ಕೆ ಒತ್ತಿ ಕಿರುಗುಟ್ಟಿಸಿ ಎರಡು ಜೋಡಿ ಮಾಡಿಟ್ಟರು. ಒಂದು ಹೊಸ ಜೋಡಿ, ಒಂದು ಮುದಿ ಜೋಡಿ. ಮೇಷ್ಟ್ರಿಗೆ ಸಂತೋಷ ತಡೆಯಲಾಗಲಿಲ್ಲ. ಗೆದ್ದೆ ಎಂದೇ ಅಂದುಕೊಂಡರು.

ಸಾಹೇಬರು ಆ ಜೋಡಿಯನ್ನು ನೋಡಿದರು. ಈ ಜೋಡಿಯನ್ನು ನೋಡಿದರು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಕೊಂಚ ಮರೆವು ಬರುವುದುಂಟು. ನಿಧಾನವಾಗಿ ಹೊಸ ಜೋಡಿಗೆ ಕಾಲು ತೂರಿಸಿ, "ಹಾಂ, ಈಗ ಸರಿ ಹೋಯ್ತು" ಎಂದರು.

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಅದು ನನ್ನದು ಅಂದರೆ ಸಾಹೇಬರ ಮರ್ಯಾದೆ ಹೋಗಿ ಪಾಠ ಮುಳುಗುತ್ತದೆ. ಅನ್ನದಿದ್ದರೆ ಮನೆಯಲ್ಲಿ ಹೆಂಡತಿ. ಅತ್ತ ದರಿ, ಇತ್ತ ಪುಲಿ.

ಪುಟ್ಟಿಯ ಕೈ ಮತ್ತೆ ಮೇಲೆದ್ದಿತು. "ಮೇಷ್ಟ್ರೇ, ಲೆಕ್ಕ ಇನ್ನೂ ಮುಗೀಲಿಲ್ಲ. ಯಾವ ಜೋಡಿ ಯಾರ್ದು ಅಂತ ನೋಡ್ಬೇಕಲ್ಲ. ನಾನು ಹೇಳ್ತೀನಿ, ನಮ್ಮಮ್ಮ—"

"ಪುಟ್ಟಿ, ಸಾಕು. ಕೂತ್ಕೋ" ಎಂದು ಮೇಷ್ಟ್ರು ಗದರಿದರು. ಆ ಕ್ಲಾಸಿನಲ್ಲಿ ಯಾವ ಮಗುವನ್ನೂ ಅವರು ಹಾಗೆ ಕೂರಿಸಿದವರಲ್ಲ. ಪುಟ್ಟಿ ಮುಖ ಊದಿಸಿ ಕೂತಳು.

ಸಂಜೆ ಹೆಡ್‌ಮೇಡಂ ಸಾಹೇಬರು ಬರೆದಿಟ್ಟುಹೋದದ್ದನ್ನು ಓದಿ ಹೇಳಿದರು. "ಪಾಠದ ಕ್ರಮ ಬಹಳ ಒಳ್ಳೆಯದು, ಮುಂದುವರಿಯತಕ್ಕದ್ದು."

ಮೇಷ್ಟ್ರು ಕೈ ಮುಗಿದರು.

"ತಡೀರಿ, ಇನ್ನೂ ಇದೆ" ಎಂದು ಹೆಡ್‌ಮೇಡಂ ಮುಂದಕ್ಕೆ ಓದಿದರು. "ಆದರೆ ಮಗು ಲೆಕ್ಕವನ್ನು ಕೊನೆ ಮುಟ್ಟಿಸಲು ಹೊರಟಾಗ ಶಿಕ್ಷಕರೇ ಅದರ ಬಾಯಿ ಮುಚ್ಚಿಸಿದರು. ಇಂಥವರು ಸದ್ಯಕ್ಕೆ ಮಗ್ಗಿ ಹೇಳಿಸಿಕೊಂಡಿರಲಿ. ಈ ಪಾಠವನ್ನು ಮುಖ್ಯೋಪಾಧ್ಯಾಯಿನಿಯವರೇ ವಹಿಸಿಕೊಳ್ಳತಕ್ಕದ್ದು." ಹೆಡ್‌ಮೇಡಂ ಕಾಗದ ಮಡಚಿದರು. ಅವರ ಮುಖವೂ ಹರಳೆಣ್ಣೆ ಕುಡಿದ ಹಾಗಿತ್ತು. "ಆ ಗುಂಡಿ ಡಬ್ಬ ಎಲ್ಲಿಟ್ಟಿದೀರಾ, ತೋರಿಸಿಬಿಟ್ಟು ಹೋಗಿ."

ಮನೆಯ ದಾರಿಯಲ್ಲಿ ಎರಡೂ ಕಾಲು ಕಿರುಗುಟ್ಟಿದವು. ಪುಟ್ಟಿ ಮುನಿಸಿನಿಂದ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಕಟ್ಟಡದ ಹತ್ತಿರ ಬಂದಾಗ ಮೇಷ್ಟ್ರಿಗೆ ಒಂದು ಆಸೆ ಚಿಗುರಿತು. ಸಾಹೇಬರು ಈವತ್ತೂ ಭಾಮೈದನ ಮನೆಯಲ್ಲಿ ತಂಗಿದರೆ ಶೂ ಬಾಗಿಲ ಹೊರಗೇ ತಾನೇ ಇರಬೇಕು? ಅವರು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ನನ್ನದೇ ತಪ್ಪು ಪುಟ್ಟಿ. ನೀನು ಹೇಳೋಕೆ ಹೊರಟಿದ್ದು ಸರಿಯಾಗಿತ್ತು. ನಾಳೆ ಬೆಳಿಗ್ಗೆ ಮತ್ತೆ ಒಂದ್ಸಲ ಮೆಟ್ಟಿಲ ಮೇಲೆ ಜೋಡಿಸ್ತೀಯಾ?"

"ಕತ್ತಲಲ್ಲೇ?"

"ಕತ್ತಲಲ್ಲೇ ಆದ್ರೆ ಒಳ್ಳೇದು."

ಪುಟ್ಟಿಯ ಮುಖ ಅರಳಿತು. ಆದರೆ ಒಳಗೆ ಕಾಲಿಟ್ಟರೆ ಮೆಟ್ಟಿಲೆಲ್ಲ ಬೆಳಕೋ ಬೆಳಕು. ಗುಮಾಸ್ತರು ಸ್ಟೂಲಿನಿಂದ ಇಳಿಯುತ್ತಿದ್ದರು. ಯಾವ ಬಾಗಿಲ ಮುಂದೆಯೂ ಒಂದು ಚಪ್ಪಲಿಯಿರಲಿಲ್ಲ.

"ಹೊಸ ಬಲ್ಬ್ ಹಾಕಿದೀವಿ ಮೇಷ್ಟ್ರೇ. ಇನ್ಮೇಲೆ ಯಾರೂ ಚಪ್ಪಲಿ ಹೊರಗೆ ಬಿಡಬಾರದು ಅಂತಾನೂ ತೀರ್ಮಾನ ಆಯ್ತು. ನಮ್ಮ ಭಾವಂದೇ ಸಲಹೆ. ಇಂಥ ಕಡೆ ಹೊಸ ಶೂ ಹೊರಗೆ ಬಿಡೋಕಾಗುತ್ತಾ ಅಂತ ಮಂಚದ ಕೆಳಗೆ ಇಟ್ಕೊಂಡು ಮಲಗಿದಾರೆ." ಗುಮಾಸ್ತರು ತಲೆ ಕೆರೆದುಕೊಂಡರು. "ಅಲ್ಲ, ನಿನ್ನೆ ಬರುವಾಗ ಹಳೇದೇ ಹಾಕಿದ್ರು ಅಂತ ನನಗೆ ನೆನಪು."

ಮೇಷ್ಟ್ರು ಕಿರ್ರ್ ಕಿರ್ರ್ ಎಂದು ಮೆಟ್ಟಿಲು ಹತ್ತಿದರು.

"ಪುಟ್ಟಿ, ಅದ್ಯಾರು ನಿನ್ನ ಜೊತೆ ಬರ್ತಿರೋದು?" ಒಳಗಿನಿಂದ ಹೆಂಡತಿಯ ದನಿ ಬಂತು. "ಅಪ್ಪ ಎಲ್ಲಿ?"

"ಅಪ್ಪನೇ ಅಮ್ಮ" ಎಂದಳು ಪುಟ್ಟಿ. "ಕಾಲಲ್ಲಿ ಜೋಡಿ ಸರಿಯಾಗಿದೆ. ಯಾರ್ದು ಅಂತ ಮಾತ್ರ ಕೇಳಬೇಡ. ಕೇಳಿದ್ರೆ ಕೂತ್ಕೋ ಅಂತಾರೆ."