ಒಂದು ಹಲ್ಲಾದರೂ ಜೀವಂತ ಬರಲಿ

ಹಲ್ಲುನೋವಿಗೆ ಹೊತ್ತುಗೊತ್ತಿಲ್ಲ ಎನ್ನುತ್ತಾರೆ. ಸುಳ್ಳು. ಡಾಕ್ಟರು ಊಟದ ಡಬ್ಬಿ ಬಿಚ್ಚಿದ ಮರುಗಳಿಗೆಯೇ ಅದರ ಹೊತ್ತು. ತೆಲುಗು ಸೀಮೆಯ ಕೊಂಡಾಪುರದ ಒಂದು ಸಣ್ಣ ಹಲ್ಲಿನ ಆಸ್ಪತ್ರೆಯಲ್ಲಿ ಫೋನಿನ ಪಕ್ಕ ಕೂತು ನಾನು ಕಲಿತ ಮೊದಲ ಪಾಠ ಇದು.

ನನ್ನ ಗಂಡನಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ. ನನಗೆ ಇತಿಹಾಸದಲ್ಲಿ ಎಂ.ಎ. ಇತಿಹಾಸ ಓದಿದವಳಿಗೆ ಹಲ್ಲಿನ ಆಸ್ಪತ್ರೆಯಲ್ಲಿ ಏನು ಕೆಲಸ ಎಂದು ಬಂಧುಗಳು ಕೇಳುತ್ತಿದ್ದರು. ಆಗಿಹೋದದ್ದನ್ನು ಕೇಳಿಸಿಕೊಳ್ಳುವುದು, ಇನ್ನೇನು?

ಸುತ್ತ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ನಮ್ಮ ಎದುರಿಗೇ, ರಸ್ತೆಯ ಆಚೆ, ಒಂದು ಏಳುತ್ತಿತ್ತು. ಇಟ್ಟಿಗೆ ಸಾಗಿಸುವ ಲಿಫ್ಟಿಗೆ ಅಲ್ಲೊಬ್ಬ ಬೆಳಗಿನಿಂದ ಸಂಜೆವರೆಗೆ ಬಾಯಲ್ಲಿ ಸೀಟಿ ಹೊಡೆಯುತ್ತಿದ್ದ. ಎರಡು ಸೀಟಿ ಎಂದರೆ ಮೇಲಕ್ಕೆ, ಒಂದು ಎಂದರೆ ನಿಲ್ಲು. ನಮ್ಮ ಡಾಕ್ಟರಮ್ಮ ಕೊರೆಯುವ ಯಂತ್ರವನ್ನೂ ಆ ತಾಳಕ್ಕೇ ಓಡಿಸುತ್ತಾರೆಂದು ನನಗೆ ಅನುಮಾನವಿತ್ತು.

ಡಾಕ್ಟರಮ್ಮ ಮಿತಭಾಷಿ. ಕೆಲಸಕ್ಕೆ ಸೇರಿದ ದಿನ ಒಂದು ಡ್ರಾಯರ್ ಎಳೆದು ಸಣ್ಣ ತಂತಿಯ ಸುರುಳಿ ತೋರಿಸಿದರು.

"ಪೆಟ್ಟಾಗಿ ಬುಡಸಮೇತ ಕಿತ್ತುಬಂದ ಹಲ್ಲನ್ನು ಬೇಗ ತಂದರೆ ವಾಪಸ್ ಕೂರಿಸಬಹುದು. ಈ ತಂತಿ ಅದಕ್ಕೆ. ಇನ್ನೂ ಬಿಚ್ಚಿಲ್ಲ."

"ಯಾಕೆ ಮೇಡಂ?"

"ಒಂದೂ ಜೀವಂತ ಬಂದಿಲ್ಲ."

ನಾನು ಅವತ್ತೇ ಶಪಥ ಮಾಡಿದೆ. ನಾನಿರುವಷ್ಟರಲ್ಲಿ ಒಂದು ಹಲ್ಲನ್ನಾದರೂ ಜೀವಂತ ತರಿಸುತ್ತೇನೆ. ಫೋನಿನ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿ, "ಹಲ್ಲು ಉದುರಿದರೆ: ಕೂಡಲೇ ತೆಗೆದುಕೊಂಡು ಬನ್ನಿ" ಎಂದು ಬರೆದೆ. ಅಷ್ಟು ಸಾಕೆಂದು ಆಗ ನನ್ನ ನಂಬಿಕೆ.

ಹೊಳೆಯುವ ಹಲ್ಲು

ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನಿಂದ ಒಬ್ಬ ತಾಯಿ ಫೋನ್ ಮಾಡಿದರು. ಹದಿಮೂರರ ಮಗಳು ಸೈಕಲ್ಲಿನಿಂದ ಬಿದ್ದಿದ್ದಾಳೆ, ಮುಂದಿನ ಹಲ್ಲು ಕೈಗೆ ಬಂದಿದೆ. ಹಾಳೆ ನೋಡಿ ಓದಿದೆ. ಹತ್ತೇ ನಿಮಿಷದಲ್ಲಿ ಬರುವೆವೆಂದವರು ಮುಕ್ಕಾಲು ಗಂಟೆಗೆ ಬಂದರು. ಬೆಳ್ಳಿಯ ಕುಂಕುಮದ ಬಟ್ಟಲಲ್ಲಿ, ಹತ್ತಿಯ ಮೇಲೆ ಹಲ್ಲು ಮಲಗಿತ್ತು. ಮೂಗುತಿಯ ಹರಳಿನ ಹಾಗೆ ಹೊಳೆಯುತ್ತಿತ್ತು.

"ತಡ ಯಾಕಾಯ್ತಮ್ಮ?"

"ಮಣ್ಣಾಗಿತ್ತು. ಡಾಕ್ಟರ ಹತ್ತಿರ ಹಾಗೇ ತರೋಕಾಗುತ್ತಾ? ಪಾತ್ರೆ ತಿಕ್ಕೋ ಪುಡಿ ಹಾಕಿ ನಾರಿನಿಂದ ಚೆನ್ನಾಗಿ ಉಜ್ಜಿದೆ. ಬೇರಿನ ಹತ್ತಿರ ಏನೋ ಅಂಟಂಟು ಪೊರೆ ಇತ್ತು. ಅದನ್ನೂ ಬಿಡಲಿಲ್ಲ."

ಆ ಅಂಟಂಟು ಪೊರೆಯೇ ಹಲ್ಲಿನ ಜೀವ. ಡಾಕ್ಟರಮ್ಮ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು.

"ಇಷ್ಟು ಚೊಕ್ಕಟವಾದ ಹಲ್ಲನ್ನು ನಾನು ನೋಡೇ ಇಲ್ಲ. ಶವಸ್ನಾನ ಆಗಿದೆ."

ಹಾಳೆಗೆ ಸೇರಿಸಿದೆ: "ಬೇರು ಮುಟ್ಟಬೇಡಿ. ಉಜ್ಜಬೇಡಿ. ಹಾಲಿನಲ್ಲಿ ಹಾಕಿ ತನ್ನಿ."

ಹಾಲಿನಲ್ಲಿ ಹಾಕಿ ತಂದದ್ದು

ಮುಂದಿನದು ಕೂಕಟ್‌ಪಲ್ಲಿಯ ಕನ್ನಡದವರ ಮನೆ. ಕಲಬುರಗಿ ಕಡೆಯವರು. ಮನೆಯ ಯಜಮಾನರು ಸ್ನಾನದ ಮನೆಯಲ್ಲಿ ಜಾರಿದ್ದರು. ಫೋನಿನಲ್ಲಿ ಅವರ ಹೆಂಡತಿ.

"ಉಜ್ಜಬ್ಯಾಡ್ರಿ," ಎಂದೆ, ಅವರದೇ ಧಾಟಿಯಲ್ಲಿ. "ಬೇರು ಮುಟ್ಟಬ್ಯಾಡ್ರಿ. ಹಾಲಾಗ ಹಾಕ್ಕೊಂಡು ಲಗೂ ಬರ್ರಿ."

"ಆತ್ರಿ, ಆತ್ರಿ."

ಬಂದರು, ಸ್ಟೀಲ್ ಡಬ್ಬಿ ಹಿಡಿದು. ಮುಚ್ಚಳ ತೆಗೆದರೆ ಹಬೆ ನನ್ನ ಕನ್ನಡಕಕ್ಕೆ ಕೂತಿತು.

"ಇದೇನ್ರೀ ಅಕ್ಕಾರ, ಹಾಲು ಕಾಸೀರೇನು?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತ? ಪಾಕೀಟ್ ಒಡದು ಹಸೀ ಹಾಲು ಯಾರರ ಹಾಕ್ತಾರೇನ್ರೀ? ಅವರಿಗೆ ಮದ್ಲೇ ಹೊಟ್ಟಿ ನಾಜೂಕು."

"ಹಲ್ಲು ಯಾವಾಗ ಹಾಕಿದ್ರಿ? ಕಾಸಿದ ಮ್ಯಾಲೋ?"

"ಕಾಯೂಮುಂದನ ಹಾಕೀನ್ರಿ. ಭಾಳ ಚಲೋ ಆತು. ಟಕಟಕ ಅಂತ ಸಪ್ಪಳ ಮಾಡ್ತು, ಹಾಲು ಉಕ್ಕಲಿಲ್ಲ."

ಯಜಮಾನರು ಬಾಯಿಗೆ ಟವೆಲ್ ಒತ್ತಿಕೊಂಡೇ ಏನೋ ಹೇಳಿದರು. ಅರ್ಥವಾಗಲಿಲ್ಲ. ಆಕೆ ಅನುವಾದಿಸಿದರು: "ಸಕ್ಕರಿ ಹಾಕಿಲ್ಲ ಅನ್ನಾಕತ್ಯಾರ್ರಿ."

ಹಾಳೆಗೆ ಸೇರಿಸಿದೆ: "ತಣ್ಣನೆಯ ಹಾಲು. ಒಲೆ ಹಚ್ಚಬೇಡಿ."

ರೋಗ ಗುರುತಿಸಿದವನು

ಸಾಫ್ಟ್‌ವೇರ್ ಹುಡುಗರಿಗೆ ಹಲ್ಲು ಉದುರುವುದಿಲ್ಲ, ಊದುತ್ತದೆ. ಒಬ್ಬ ಸೋಮವಾರದಿಂದ ದಿನಾ ಫೋನ್ ಮಾಡುತ್ತಿದ್ದ.

ಸೋಮವಾರ: "ಸ್ವಲ್ಪ ನೋವು. ಶುಕ್ರವಾರ ರಿಲೀಸ್ ಇದೆ, ಆಮೇಲೆ ಬರ್ತೀನಿ."

ಮಂಗಳವಾರ: "ನೋವಿನ ಮಾತ್ರೆ ಇಟ್ಟಿದ್ದೀನಿ."

"ನುಂಗಿದ್ದೀರಿ ತಾನೆ?"

"ಇಲ್ಲ. ಒಸಡಿನ ಮೇಲೆ ಇಟ್ಟಿದ್ದೀನಿ. ಎಲ್ಲಿ ನೋವೋ ಅಲ್ಲೇ ಕೆಲಸ ಮಾಡಬೇಕಲ್ವಾ?"

ಅದು ಒಸಡನ್ನು ಸುಡುತ್ತದೆ, ತೆಗೆಯಿರಿ ಎಂದೆ. ಬುಧವಾರ ಕೆನ್ನೆ ಊದಿದೆ, ಬಿಸಿನೀರಿನ ಚೀಲ ಇಡಲೇ ಎಂದ. ಬಿಸಿ ಬೇಡ, ಊತ ಹೆಚ್ಚುತ್ತದೆ, ಈಗಲೇ ಬನ್ನಿ ಎಂದೆ. "ಇದರ ಪ್ರಯಾರಿಟಿ ಒಂದಾ, ಎರಡಾ?" ಎಂದು ಕೇಳಿದ. ಒಂದು ಎಂದೆ. "ಒಂದು ಅಂದ್ರೆ ಮ್ಯಾನೇಜರ್ ಅಪ್ರೂವಲ್ ಬೇಕಾಗುತ್ತೆ," ಎಂದು ಇಟ್ಟುಬಿಟ್ಟ.

ಗುರುವಾರ ಬೆಳಿಗ್ಗೆ ತಾನೇ ಬಂದ. ಒಂದು ಕಣ್ಣು ಮುಚ್ಚಿತ್ತು, ಮೈ ಸುಡುತ್ತಿತ್ತು. ಡಾಕ್ಟರಮ್ಮ ಒಂದು ಸಲ ನೋಡಿ, ಕಣ್ಣಿನವರೆಗೆ ಏರಿದ ಊತ ಮತ್ತು ಜ್ವರ ನಮ್ಮಲ್ಲಿ ನೋಡುವಂಥದ್ದಲ್ಲವೆಂದು ನೇರ ದೊಡ್ಡ ಆಸ್ಪತ್ರೆಗೆ ಕಾರು ಹತ್ತಿಸಿದರು. ಹತ್ತಿಸುವಾಗ ಕೇಳಿದೆ, "ಅಪ್ರೂವಲ್ ಸಿಕ್ತಾ?"

"ಇಲ್ಲ. ಆಫೀಸಿಗೇ ಹೊರಟಿದ್ದೆ. ಗೇಟಿನ ವಾಚ್‌ಮನ್ ಒಳಗೆ ಬಿಡಲಿಲ್ಲ. ಕಾರ್ಡಿನ ಫೋಟೋ ನನ್ನದಲ್ಲವಂತೆ."

ಹುಡುಗ ಉಳಿದ. ಮೂರು ದಿನ ನಾನು ಹೇಳಿ ಆಗದ್ದನ್ನು ಆ ವಾಚ್‌ಮನ್ ಒಂದು ನೋಟದಲ್ಲಿ ಗುರುತಿಸಿದ್ದ.

ಹತ್ತಿಯ ಇಂಗ್ಲಿಷು

ಕಾಲ್ ಸೆಂಟರಿನ ಹುಡುಗಿಗೆ ಒಸಡು ಸೀಳಿ ರಕ್ತ. ಶುದ್ಧ ಹತ್ತಿಬಟ್ಟೆ ಮಡಿಸಿ ಗಟ್ಟಿಯಾಗಿ ಕಚ್ಚಿಕೊಂಡು ಬಾ ಎಂದೆ. ಕಚ್ಚಿಕೊಂಡಳು. ಬಟ್ಟೆ ಬಾಯಲ್ಲಿಟ್ಟೇ ಮಾತಾಡಿ, ಪಾಳಿ ಮುಗಿಸಿಯೇ ಬಂದಳು. ಅಮೆರಿಕದವರು ಇಡೀ ಎರಡು ವರ್ಷದಲ್ಲಿ ಅವತ್ತೊಂದೇ ದಿನ ಇವಳನ್ನು "ಇನ್ನೊಮ್ಮೆ ಹೇಳಿ" ಎಂದು ಕೇಳಲಿಲ್ಲವಂತೆ. ಹೋಗುವಾಗ ಒಂದು ಕಟ್ಟು ಹತ್ತಿ ಒಯ್ದಳು.

ಸೀಟಿ ನಿಂತಿತು

ಹಾಳೆ ಗೋಡೆಯ ಅರ್ಧಕ್ಕೆ ಇಳಿದಿತ್ತು. ತಂತಿಯ ಸುರುಳಿ ಮಾತ್ರ ಬಿಚ್ಚಿರಲಿಲ್ಲ. ಒಂದು ದಿನ ಹನ್ನೊಂದರ ಹೊತ್ತಿಗೆ ನಾನೂ ಡಾಕ್ಟರಮ್ಮನೂ ಒಟ್ಟಿಗೇ ತಲೆಯೆತ್ತಿದೆವು. ಏನೋ ಕಡಿಮೆಯಾದಂತಿತ್ತು. ಎದುರಿನ ಸೀಟಿ ನಿಂತಿತ್ತು.

ಫೋನ್ ಬಂತು. ಎದುರಿನ ಕಟ್ಟಡದ ಸೂಪರ್‌ವೈಸರ್. ಅವನೂ ಅವನ ಆಳುಗಳೂ ಕಲಬುರಗಿ ಕಡೆಯವರು; ನನ್ನ ತೆಲುಗು ಕೇಳಿದ್ದೇ ಕನ್ನಡಕ್ಕೆ ಇಳಿದ.

"ಆರನೇ ಮಹಡಿಯಿಂದ ನಿಮ್ಮ ಬೋರ್ಡು ಚಲೋ ಕಾಣ್ತೈತ್ರಿ. ನಂಬರ್ ಓದಿ ಮಾಡೇನಿ. ನಮ್ಮ ಸೀಟಿಯವಗ ಸಿಮೆಂಟಿನ ಬುಟ್ಟಿ ಬಡದು ಮುಂದಿನ ಹಲ್ಲು ಬಿದ್ದೈತಿ. ಅಂವ ಉಫ್ ಉಫ್ ಅಂತ ಗಾಳಿ ಬಿಡಾಕತ್ಯಾನ, ಸೀಟಿ ಬರವಲ್ದು."

"ಕಬ್ಬಿಣದ ಪೀಪಿ ಕೊಡ್ರಿ ಅವರಿಗೆ," ಎಂದೆ, ನನ್ನ ಕೆಲಸವಲ್ಲದಿದ್ದರೂ.

"ಕೊಟ್ಟಿದ್ವಿ ಒಮ್ಮೆ. ಸಿಗ್ನಲ್ ಪೊಲೀಸಪ್ಪ ಪೀಪಿ ಊದಿದಾಗೆಲ್ಲ ನಮ್ಮ ಇಟ್ಟಂಗಿ ಮ್ಯಾಲೆ ಹೋಗಾಕ ಹತ್ತಿದ್ವು. ಯಂತ್ರದಾಂವ ಗ್ವಾಡಿ ಹಿಂದ ಕುಂತಿರ್ತಾನ. ಅವಗ ಲಿಫ್ಟ್ ಕಾಣಂಗಿಲ್ಲ, ಸೀಟಿನೇ ಕಣ್ಣು. ಈಗ ಇವನ ಸೀಟಿ ಬರದಿದ್ರ ನಾಳಿಂದ ಇಟ್ಟಂಗಿ ಹೊರಾಕ ಹಾಕ್ತೀನಿ, ಅಷ್ಟ."

ಹಿಂದಿನಿಂದ ಒಂದು ದನಿ "ಬ್ಯಾಡ್ರೀ ಯಪ್ಪಾ" ಎಂದು ಹಲ್ಲಿಲ್ಲದ ಸಂದಿಯಿಂದ ಬಂತು.

"ಅವರಿಗೇ ಫೋನ್ ಕೊಡ್ರಿ," ಎಂದೆ. "ಹಲ್ಲು ಎಲ್ಲೈತ್ರಿ?"

"ಕೈಯಾಗೈತ್ರಿ ಅಕ್ಕಾರ."

"ಬೇರು ಮುಟ್ಟಬ್ಯಾಡ್ರಿ. ಹಾಲು ಐತೇನು ಅಲ್ಲಿ? ತಣ್ಣಂದು?"

ಸೂಪರ್‌ವೈಸರ್ ನಡುವೆ ಬಾಯಿ ಹಾಕಿದ: "ಚಾ ಐತ್ರಿ. ಅದರಾಗ ಹಾಲು ಇರತೈತಲ್ಲ?"

"ಬ್ಯಾಡ! ಹಲ್ಲು ತೊಳೀರಿ, ತಿಕ್ಕಬ್ಯಾಡ್ರಿ, ಬರೇ ನೀರು ಬಿಡ್ರಿ. ನಿಮ್ಮ ಬಾಯಾಗ, ಗಲ್ಲದ ಸಂದ್ಯಾಗ ಇಟ್ಕೋರಿ. ನುಂಗಬ್ಯಾಡ್ರಿ. ನಾ ಹೇಳೂತನಕ ಬಾಯಿ ತೆಗೀಬ್ಯಾಡ್ರಿ. ಯಾರು ಕೇಳಿದ್ರೂ."

"ಹೂಂ," ಎಂದ. ಬಾಯಿ ಮುಚ್ಚಿಯೇ.

ಎದುರು ಎಂದರೆ ಎದುರಲ್ಲ. ನಡುವೆ ಸೊಂಟದೆತ್ತರದ ಡಿವೈಡರ್, ಅದರ ಎರಡೂ ಬದಿಗೆ ಕ್ಯಾಬುಗಳ ಹೊಳೆ. ದಾಟಬೇಕೆಂದರೆ ಸಿಗ್ನಲ್‌ವರೆಗೆ ಹೋಗಿ ಸುತ್ತಿ ಬರಬೇಕು. ನಾನು ಬಾಲ್ಕನಿಯಲ್ಲಿ ನಿಂತು, ಹಾರಿಯೇ ಬಂದಾನೆಂದು ಡಿವೈಡರ್ ಕಾಯತೊಡಗಿದೆ. ಹತ್ತು ನಿಮಿಷ. ಇಪ್ಪತ್ತು. ಒಳಗಿನಿಂದ ಡಾಕ್ಟರಮ್ಮ ಕೂಗಿದರು, "ಯಾರೋ ಬಂದಿದ್ದಾರೆ. ಬಾಯಿ ತೆರೆಯುತ್ತಿಲ್ಲ."

ಓಡಿದೆ. ಕುರ್ಚಿಯಲ್ಲಿ ಮೈಯೆಲ್ಲ ಸಿಮೆಂಟಾದ ಒಬ್ಬ, ತುಟಿ ಬಿಗಿದು ಕೂತಿದ್ದ. ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದ್ದರಂತೆ, ಹಿಂದಿಯಲ್ಲಿ ಗದರಿದ್ದರಂತೆ. ಎರಡಕ್ಕೂ ತಲೆಯಾಡಿಸಿ, ಕಿವಿಯ ಹತ್ತಿರ ಫೋನಿನ ಹಾಗೆ ಕೈಯಿಟ್ಟು ತೋರಿಸಿದ್ದನಂತೆ.

"ನಾನ ರೀ ಫೋನಿನ್ಯಾಗ ಮಾತಾಡಿದಾಕಿ," ಎಂದೆ. "ಈಗ ತೆಗೀರಿ."

ತಕ್ಷಣ ತೆಗೆದ. ಗಲ್ಲದ ಸಂದಿಯಿಂದ ಡಾಕ್ಟರಮ್ಮ ಹಲ್ಲನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಡ್ರಾಯರ್," ಎಂದರು.

ಎಳೆದು ಕೊಟ್ಟೆ. ತಂತಿಯ ಸುರುಳಿ ಕೊನೆಗೂ ಬಿಚ್ಚಿಕೊಂಡಿತು.

ಎಲ್ಲ ಕೂರಿಸಿದ ಮೇಲೆ ಕೇಳಿದೆ, "ಇಷ್ಟು ತಡ ಯಾಕಾತ್ರಿ? ಆಟೋ ಸಿಗಲಿಲ್ಲೇನು?"

"ಸಿಕ್ಕಿತ್ರೀ ಅಕ್ಕಾರ. ಎಲ್ಲಿಗೆ ಅಂತ ಕೇಳಿದ. ನಾ ಹೆಂಗ ಹೇಳಲಿ? ಬೈದು ಹ್ವಾದ. ನಡಕೋತ ಬಂದ್ಯಾ."

ಎರಡು ವಾರ ಸೀಟಿ ಹೊಡೆಯಬಾರದು, ಗಟ್ಟಿ ರೊಟ್ಟಿ ತಿನ್ನಬಾರದು ಎಂದು ಡಾಕ್ಟರಮ್ಮ ಹೇಳಿದರು. ಎರಡಕ್ಕೂ ಅವನ ಮುಖ ಒಂದೇ ರೀತಿ ಬಾಡಿತು. ಸೂಪರ್‌ವೈಸರ್ ಮಾತಿನಂತೆ ಅವನನ್ನು ಇಟ್ಟಿಗೆ ಹೊರಲು ಹಾಕಿದ. ನಾನು ಬಾಲ್ಕನಿಯಿಂದ ದಿನಾ ನೋಡುತ್ತಿದ್ದೆ. ತಲೆಯ ಮೇಲೆ ಇಟ್ಟಿಗೆ, ಬಾಯಿ ಮಾತ್ರ ಭದ್ರ. ಹೊಸ ಸೀಟಿಯವನದು ಸೀಟಿಯೇ ಅಲ್ಲ, ಕುಕ್ಕರಿನದು.

ಎರಡು ವಾರಕ್ಕೆ ಸರಿಯಾಗಿ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದ. ಡಾಕ್ಟರಮ್ಮ ತಂತಿ ಬಿಚ್ಚಿ ಹಲ್ಲನ್ನು ಅಲುಗಿಸಿ ನೋಡಿದರು. ಅಲುಗಲಿಲ್ಲ.

"ಹೊಡೆದು ನೋಡಲಿ," ಎಂದರು.

ಅವನು ಬಾಲ್ಕನಿಗೆ ಹೋದ. ದೇವರ ಮುಂದೆ ನಿಂತಂತೆ ಕಣ್ಣು ಮುಚ್ಚಿದ. ಎರಡು ಸೀಟಿ ಹೊಡೆದ. ಹೊಳೆಯಂತಿದ್ದ ಹಾರ್ನುಗಳನ್ನೆಲ್ಲ ಸೀಳಿಕೊಂಡು ಹೋಯಿತು. ನನಗೆ ಕಣ್ಣು ತುಂಬಿತು.

ಎದುರಿನ ಕಟ್ಟಡದಲ್ಲಿ ಲಿಫ್ಟ್ ಮೇಲಕ್ಕೆ ಹೊರಟಿತು.

ಅದರಲ್ಲಿ ಇಟ್ಟಿಗೆ ಇರಲಿಲ್ಲ. ನೆರಳಿದೆಯೆಂದು ಒಳಗೆ ಚಕ್ಕಳಮಕ್ಕಳ ಹಾಕಿ, ಊಟದ ಡಬ್ಬಿ ಬಿಚ್ಚಿಕೊಂಡು ಸೂಪರ್‌ವೈಸರ್ ಕೂತಿದ್ದ. ಎರಡನೇ ಮಹಡಿ ದಾಟುವಾಗ ಅವನ ಕೈಯಲ್ಲಿ ತುತ್ತು ಹಾಗೇ ಇತ್ತು. ಬಾಯಿ ತೆರೆದಿತ್ತು. ಕೂಗುತ್ತಿದ್ದನೇನೋ, ಕ್ಯಾಬುಗಳ ಗದ್ದಲದಲ್ಲಿ ಕೇಳಿಸಲಿಲ್ಲ.

ನಮ್ಮವನು ಗಾಬರಿಯಿಂದ ನನ್ನ ಕಡೆ ತಿರುಗಿದ. "ಅಕ್ಕಾರ, ನಿಲ್ಲೂ ಸೀಟಿ ಹೊಡೀಲೇನ್ರೀ?"

ನಾನು ಡಾಕ್ಟರಮ್ಮನನ್ನು ನೋಡಿದೆ. ಅವರು ಕೈಗವಸು ಕಳಚುತ್ತ ಬಾಲ್ಕನಿಗೆ ಬಂದು, ಮೂರನೇ ಮಹಡಿ ದಾಟುತ್ತಿದ್ದ ಲಿಫ್ಟನ್ನು ಶಾಂತವಾಗಿ ನೋಡಿದರು. ಆಮೇಲೆ, ನಾನು ಅಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಕೇಳಿರದಷ್ಟು ಉದ್ದದ ಮಾತೊಂದನ್ನು ಆಡಿದರು.

"ಆರನೇ ಮಹಡಿ ಮುಟ್ಟಲಿ, ಆಮೇಲೆ ಹೊಡೆಯಲಿ. ಅಲ್ಲಿಂದ ನಮ್ಮ ಬೋರ್ಡು ಚೆನ್ನಾಗಿ ಕಾಣುತ್ತದಂತೆ, ಏನಾದರೂ ತೊಂದರೆಯಿದ್ದರೆ ಫೋನ್ ಮಾಡುತ್ತಾರೆ."