ಭಾವನ ಮೈಗೊಗ್ಗದ ಅಂಗಿಗಳು

ನಮ್ಮ ಭಾವನ ಹೃದಯ ಗಟ್ಟಿಯಾಗಿದೆ. ಇದು ನಾನು ಹೇಳುವುದಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಎದೆ ತೆರೆದು, ಒಳಗೆ ಕೈಹಾಕಿ, ರಿಪೇರಿ ಮಾಡಿ, ಮತ್ತೆ ಹೊಲಿದು ಹೇಳಿದ ಮಾತಿದು. ಆದರೆ ಆ ಹೃದಯದ ಮೇಲೆ ಹಾಕುವ ಅಂಗಿಯ ವಿಷಯಕ್ಕೆ ಬಂದರೆ ಇಷ್ಟು ನಾಜೂಕಿನ, ಇಷ್ಟು ಹಟಮಾರಿ ಮನುಷ್ಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲೇ ಇಲ್ಲ. ತಿಪಟೂರು, ತುರುವೇಕೆರೆ ಸೇರಿಸಿಕೊಂಡರೂ ಇಲ್ಲ! ಇರಲಿ, ಅವರ ಮೈ ಅವರಿಷ್ಟ. ಆದರೆ ಆ ನಾಜೂಕಿಗೆ ನನ್ನ ಅಂಗಿಗಳೇ ಯಾಕೆ ಬಲಿಯಾಗಬೇಕಿತ್ತು, ನೀವೇ ಹೇಳಿ?

ಭಾವ ಅಂದರೆ ನನ್ನ ಅಕ್ಕನ ಗಂಡ. ರಿಟೈರ್ ಆದ ಮೇಲೆ ಬೇರೆಯವರು ಕಾಶಿಗೋ ಧರ್ಮಸ್ಥಳಕ್ಕೋ ಹೋದರೆ, ಇವರು ದಪ್ಪ ಟೈರಿನ ಗೇರ್ ಸೈಕಲ್ ತಂದು ಗುಡ್ಡ ಹತ್ತತೊಡಗಿದರು. ರಸ್ತೆಯಲ್ಲ ಕಣ್ರೀ, ಗುಡ್ಡ! ಹಂದನಕೆರೆ ಕಡೆಯ ಕಲ್ಲುಗುಡ್ಡದಲ್ಲಿ ಕುರಿಗಳೇ ನಿಂತು ಯೋಚನೆ ಮಾಡಿ ಹತ್ತುವ ಕಾಲುದಾರಿ. ನಮ್ಮೂರು ಶೆಟ್ಟಿಕೆರೆಯ ಜನ ಮೊದಮೊದಲು ನಕ್ಕರು. ಆಮೇಲೆ "ನಿಮ್ಮ ಭಾವ ಇವತ್ತು ಗುಡ್ಡದ ನೆತ್ತಿ ಮೇಲಿಂದ ಕೈ ಬೀಸಿದ್ರು ಕಣ್ಲಾ" ಎಂದು ನನಗೇ ವರದಿ ಒಪ್ಪಿಸತೊಡಗಿದರು. ನಾನು ದಿನವಿಡೀ ತೋಟದಲ್ಲಿ ಬಗ್ಗಿ ಕೆಲಸ ಮಾಡುತ್ತೇನೆ. ನನ್ನ ವರದಿಯನ್ನು ಯಾರೂ ಯಾರಿಗೂ ಒಪ್ಪಿಸಿದ್ದಿಲ್ಲ.

ಹಾಗಿದ್ದ ಮನುಷ್ಯನಿಗೆ ಒಂದು ದಿನ ಎದೆ ಹಿಡಿದುಕೊಂಡಿತು. ಆಪರೇಷನ್ ಆಯಿತು. ಅವರ ಮನೆಯಲ್ಲಿ ಮೆಟ್ಟಿಲು ಜಾಸ್ತಿ ಎಂದು ಅಕ್ಕ ಅವರನ್ನು ಆರೈಕೆಗೆ ನಮ್ಮ ಮನೆಗೇ ಕರೆತಂದಳು. ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬರುವುದು ಲೋಕರೂಢಿ. ಅಳಿಯ ಬಾಣಂತನಕ್ಕೆ ಅತ್ತೆಮನೆಗೆ ಬಂದದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಾನು ಈ ಮಾತನ್ನು ನಡುಮನೆಯಲ್ಲೇ ನಿಂತು ಆಡಿದೆ. ಅಕ್ಕ ನಕ್ಕಳು, ಭಾವ ಎದೆ ಒತ್ತಿಹಿಡಿದುಕೊಂಡು ನಕ್ಕರು. ಅಮ್ಮ ಮಾತ್ರ ನಗಲಿಲ್ಲ.

ಅಮ್ಮ ನಗುವಂತೆಯೂ ಇರಲಿಲ್ಲ ಅನ್ನಿ. ನಮ್ಮ ಕಡೆಯ ಹಳೇ ಕಾಲದ ಅತ್ತೆಯರು ಅಳಿಯನ ಎದುರಿಗೆ ಬರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಊರಲ್ಲೆಲ್ಲ ಈ ರೂಢಿ ಯಾವಾಗಲೋ ಹೋಗಿದೆ. ಅಮ್ಮನಲ್ಲಿ ಮಾತ್ರ ಹೋಗಿಲ್ಲ. ಅಕ್ಕನ ಮದುವೆಯಾದಾಗಿನಿಂದ ಭಾವ ಬಂದರೆ ತಲೆಯ ಮೇಲೆ ಸೆರಗು, ಬಾಗಿಲ ಹಿಂದೆ ಅಮ್ಮ. ಇಬ್ಬರ ನಡುವೆ ಟೆಲಿಫೋನ್ ತಂತಿಯ ಹಾಗೆ ನಾನು!

"ಅವ್ರಿಗೆ ಇನ್ನೊಂದು ಮುದ್ದೆ ಬೇಕಾ ಕೇಳ್ಲಾ."

"ಭಾವ, ಇನ್ನೊಂದು ಮುದ್ದೆ ಬೇಕಾ?"

"ಸಾಕು ಅಂತ ಹೇಳಪ್ಪ."

"ಸಾಕಂತೆ ಕಣಮ್ಮ."

ಮೂವರ ನಡುವೆ ಇರುವುದು ಒಂದೇ ಒಂದು ಬಾಗಿಲು! ಎಲ್ಲರ ಕಿವಿಗಳೂ ನೆಟ್ಟಗಿವೆ! ಊಟಕ್ಕೆ ಕೂತ ನನ್ನ ಮುದ್ದೆ ಆರಿ ಕಲ್ಲಾಗುವುದು ಯಾರಿಗೂ ಕಾಣುವುದಿಲ್ಲ.

ತಿಂಗಳುಗಳು ಕಳೆದವು. ಡಾಕ್ಟರು ಪರೀಕ್ಷೆ ಮಾಡಿ, "ಇನ್ನು ಸೈಕಲ್ ಹೊಡೀಬಹುದು, ನಿಧಾನವಾಗಿ" ಅಂದರು. ಅಕ್ಕನಿಗೆ ಹೋದ ಜೀವ ಬಂತು. ಯಾಕೆಂದರೆ ಮಂಚದ ಮೇಲೆ ಕೂತು ಕೂತು ಭಾವ ಮಂಕಾಗಿಬಿಟ್ಟಿದ್ದರು. ಕಿಟಕಿಯಿಂದ ಗುಡ್ಡ ನೋಡುವುದು, ಗೋಡೆಗೆ ತಿರುಗಿ ಮಲಗುವುದು, ಅಷ್ಟೇ. ಮತ್ತೆ ಸೈಕಲ್ ಹತ್ತಿದರೆ ಗಂಡ ಮೊದಲಿನಂತಾಗುತ್ತಾನೆ ಎಂದು ಅಕ್ಕ ಹಂಬಲಿಸುತ್ತಿದ್ದಳು.

ಆದರೆ ಅಂಗಿ ಅಡ್ಡ ಬಂತು. ಎದೆಯ ನಡುವಿನ ಹೊಲಿಗೆ ಮಾಗಿತ್ತು ನಿಜ. ಮಾಗಿದ ಗೆರೆ ಮಾತ್ರ ದಪ್ಪಗೆ ಎದ್ದು ನಿಂತಿತ್ತು. ಬೆವರು ತಾಗಿದರೆ ಉರಿ, ಬಟ್ಟೆ ಉಜ್ಜಿದರೆ ನವೆ. ಮನೆಯಲ್ಲಾದರೆ ಹೆಗಲ ಮೇಲೊಂದು ಟವೆಲ್ ಸಾಕು. ಗುಡ್ಡ ಹತ್ತುವುದು ಹೇಗೆ?

"ಬರಿಮೈಲೇ ಹೋಗಿ ಭಾವ, ಯಾರು ನೋಡ್ತಾರೆ?" ಅಂದೆ.

"ಅತ್ತೆಮನೆ ಊರಲ್ಲಿ ಅಳಿಯ ಬರಿಮೈಲಿ ಓಡಾಡ್ತಾನೇನ್ಲಾ? ಮಾನ ಬೇಡ್ವಾ?"

ಸರಿ, ಮೊದಲು ಸೈಕಲ್‌ನವರೇ ಹಾಕುವ ಮಿರಮಿರ ಮಿಂಚುವ ಟೀಶರ್ಟ್ ತರಿಸಿದರು. ಗಿಳಿಹಸಿರು ಬಣ್ಣ. ಬೆವರನ್ನು ಕ್ಷಣದಲ್ಲಿ ಒಣಗಿಸುತ್ತದೆ ಎಂದು ಅದರ ಹೊಗಳಿಕೆ. ಬೆವರು ಒಣಗುವುದಿರಲಿ, ಆ ಬಟ್ಟೆ ಎದೆಗೆ ಅಂಟಿಕೊಂಡು ಬಿಡಲೊಲ್ಲದು. ತೋಟದ ಗೇಟಿನವರೆಗೆ ಹೋದವರು ವಾಪಸ್ ಬಂದರು. ನಾಯಿಗಳು ಮಾತ್ರ ಆ ಬಣ್ಣ ಕಂಡು ಸಂಜೆಯವರೆಗೂ ಬೊಗಳಿದವು.

ಆಮೇಲೆ ಶುರುವಾಯಿತು ನೋಡಿ ನನ್ನ ಬೀರುವಿನ ಮೇಲೆ ದಾಳಿ! ಖಾದಿ ಅಂಗಿ ಹೋಯಿತು: ಉಪ್ಪುಕಾಗದ ಉಜ್ಜಿದ ಹಾಗಿದೆಯಂತೆ. ಟೆರಿಕಾಟ್ ಹೋಯಿತು: ಉಸಿರು ಕಟ್ಟುತ್ತದಂತೆ. ಹೊಸ ಹತ್ತಿ ಅಂಗಿ ಗಂಜಿ ಹಾಕಿದಷ್ಟು ಬಿರುಸಂತೆ, ನೆನೆದರೆ ಭಾರವಂತೆ. ಗೆಳೆಯನ ಮಗನ ಮದುವೆಗೆಂದು ಹೊಲಿಸಿ, ಇನ್ನೂ ಒಮ್ಮೆಯೂ ಹಾಕದ ನನ್ನ ಲಿನನ್ ಅಂಗಿಯೂ ಹೋಯಿತು. ಅದನ್ನು ಪರೀಕ್ಷಿಸಿದ್ದೆಲ್ಲಿ ಗೊತ್ತೇ? ಅಟ್ಟದ ಮೇಲೆ! ನಮ್ಮ ಕಡೆ ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿಸಿ ಕೊಬ್ಬರಿ ಮಾಡುತ್ತೇವೆ. ಹೆಂಚಿನ ಕೆಳಗಿನ ಆ ಕಾವಿಗೆ ಬೇಗ ಬೆವರು ಕಿತ್ತುಕೊಳ್ಳುತ್ತದೆ ಎಂದು ಭಾವ ಏಣಿ ಹತ್ತಿ, ಕಾಯಿರಾಶಿಯ ನಡುವೆ ನನ್ನ ಲಿನನ್ ಅಂಗಿ ತೊಟ್ಟು ತಪಸ್ಸಿಗೆ ಕೂತುಬಿಟ್ಟರು.

ಅಮ್ಮ ಕೆಳಗಿನಿಂದ ಕಂಬಕ್ಕೆ ಹೇಳುವಂತೆ ಹೇಳಿದಳು: "ಕಾಯಿ ಜತೆ ಅವರೂ ಕೊಬ್ಬರಿ ಆಗ್ತಾರೆ, ಇಳಿಯಾಕೆ ಹೇಳ್ಲಾ."

ಇಳಿದರು. ಅಂಗಿಯ ಬೆನ್ನೆಲ್ಲ ಮಸಿ, ತೋಳೆಲ್ಲ ತೆಂಗಿನ ನಾರು. "ಬಟ್ಟೆ ಪರವಾಗಿಲ್ಲ, ಗುಂಡಿಪಟ್ಟಿ ಸರಿಯಾಗಿ ಎದೆ ಹೊಲಿಗೆ ಮೇಲೇ ಕೂರ್ತದೆ" ಎಂದು ತೀರ್ಪು ಕೊಟ್ಟು ನನ್ನ ಕೈಗಿಟ್ಟರು. ಮದುವೆಗೆ ನಾನು ಏನು ಹಾಕಿಕೊಂಡು ಹೋಗಲಿ? ಕೇಳುವವರು ಯಾರು?

ಇಷ್ಟಕ್ಕೇ ಮುಗಿಯಿತೇ? ಗುಡ್ಡ ಹತ್ತುವ ಸೈಕಲ್‌ನವರಿಗೆ ಕುರಿಯ ಉಣ್ಣೆಯೇ ಸರಿ, ಬೆವರೂ ನಾರುವುದಿಲ್ಲ ಎಂದು ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ಹೇಳುತ್ತಿದ್ದ. ಅದು ಯಾವ ದೇಶದ ಮೆತ್ತನೆ ಕುರಿಯೋ! ಭಾವನಿಗೆ ಅಷ್ಟು ಕೇಳಿದ್ದೇ ಸಾಕಾಯಿತು. "ಲೋ, ಉಣ್ಣೆ ಅಂದ್ರೆ ನಮ್ಮಲ್ಲಿ ಏನು ಕಡಮೆ ಐತೆ?" ಎಂದು ಕುರಿ ಕಾಯುವವರು ಹೊದೆಯುವ ಕರಿಕಂಬಳಿಯೊಂದನ್ನು ತಂದು, ಚಿಕ್ಕನಾಯಕನಹಳ್ಳಿಯ ಟೈಲರ್ ಮುಂದೆ ಬಿಚ್ಚಿದರು.

"ಇದರಲ್ಲಿ ಅಂಗಿನಾ?" ಟೈಲರ್ ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

"ಅರ್ಧ ತೋಳು ಸಾಕು" ಅಂದರು ಭಾವ, ದೊಡ್ಡ ರಿಯಾಯಿತಿ ಕೊಟ್ಟವರಂತೆ.

ಸೂಜಿ ಮುರಿದುಕೊಂಡೇ ಹೊಲಿದುಕೊಟ್ಟ ಪಾಪ. ಅದನ್ನು ತೊಟ್ಟು ಸೈಕಲ್ ಹತ್ತಿದ ಭಾವ ಊರ ಕಟ್ಟೆಯನ್ನೂ ದಾಟಲಿಲ್ಲ. ಹೋದದ್ದಕ್ಕಿಂತ ಜೋರಾಗಿ ವಾಪಸ್ ಬಂದು, ಸೈಕಲ್ ಬಿಸಾಕಿ, ದನಗಳಿಗೆ ನೀರಿಡುವ ತೊಟ್ಟಿಯ ಪಕ್ಕ ನಿಂತು ಎದೆಗೆ ನೀರು ಎರಚಿಕೊಂಡರು. ಹಸು ಬೆದರಿ ಹಗ್ಗ ಜಗ್ಗಿತು.

"ಅಲ್ಲ ಕಣ್ಲಾ, ಕುರಿಗೆ ಇದು ಚುಚ್ಚಲ್ವಾ?" ಅಂದರು ಏದುಸಿರು ಬಿಡುತ್ತಾ.

"ಕುರಿ ಸೈಕಲ್ ಹೊಡಿಯಲ್ಲ ಭಾವ!"

ನಾನು ನಗುತ್ತಿದ್ದೆ. ಅವರು ನಗಲಿಲ್ಲ. ಕೆಂಪಗೆ ಕೆರಳಿದ ಆ ಗೆರೆಯ ಮೇಲೆ ಒದ್ದೆ ಟವೆಲ್ ಒತ್ತಿಕೊಂಡು, ಬಿದ್ದಿದ್ದ ಸೈಕಲನ್ನು ಎತ್ತಿ ಗೋಡೆಗೆ ಒರಗಿಸಿ, "ಯಾರಿಗಾದ್ರೂ ಕೊಟ್ಬುಡು ಇದನ್ನ. ಇನ್ನು ನನ್ನ ಕೈಲಿ ಆಗಲ್ಲ" ಅಂದರು. ಅಡುಗೆಮನೆಯಲ್ಲಿ ಅಕ್ಕ ಒಗ್ಗರಣೆ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಳು. ಅಂಗಿ ಹಾಳಾದದ್ದಕ್ಕೆ ಬಯ್ಯಬಹುದು, ಆ ಮುಖವನ್ನು ಬಯ್ಯುವುದು ಹೇಗೆ?

ಮಾರನೆಯ ಬೆಳಿಗ್ಗೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು ಒಂದು ಸೀರೆ ಕೊಟ್ಟಳು. ಅವಳೇ ಉಟ್ಟು ಉಟ್ಟು, ಒಗೆದು ಒಗೆದು, ನೀಲಿಯೋ ಬೂದಿಯೋ ಹೇಳಲಾಗದಂತೆ ಬಣ್ಣ ಹೋದ ನೂಲಿನ ಸೀರೆ. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇರಲಿಲ್ಲ.

"ಇದ್ರಲ್ಲಿ ಅವ್ರಿಗೆ ಅಂಗಿ ಹೊಲ್ಸು."

ನಾನು ಸಿಡಿದೆ. "ಅಮ್ಮಾ! ಉಟ್ಟು ಹಳೇದಾದ ಸೀರೇನ ಅಳಿಯನಿಗೆ ಕೊಡ್ತಾರಾ? ಕಂಡವರು ಏನಂತಾರೆ? ಅಕ್ಕನ ಮರ್ಯಾದೆ ಏನಾಗ್ಬೇಕು?" ಅಳಿಯನಿಗೆ ಹೊಸ ಪಂಚೆ, ಹೊಸ ಶಲ್ಯ ಕೊಟ್ಟು ಗೊತ್ತೇ ಹೊರತು, ಬಾಗಿಲ ಹಿಂದೆ ನಿಲ್ಲುವ ಅತ್ತೆಯ ಮೈಮೇಲಿನ ಬಟ್ಟೆ ಅಳಿಯನ ಮೈಗೆ ಹೋಗುವುದೆಂದರೇನು!

"ಕೂಸು ಹುಟ್ಟಿದಾಗ ಏನ್ಲಾ ಸುತ್ತುತೀವಿ? ಅಂಗಡಿ ಬಟ್ಟೆನಾ?"

"ಅವರೇನು ಕೂಸಾ?"

"ಬಾಣಂತನಕ್ಕೆ ಬಂದವ್ರೆ ಅಂತ ಅವತ್ತು ನಡುಮನೇಲಿ ನಿಂತು ಕೂಗ್ದೋನು ಯಾರು?"

ಅಮ್ಮ ಸೀರೆಯ ಅಂಚು ನೀವುತ್ತಾ ಇನ್ನೊಂದು ಮಾತು ಸೇರಿಸಿದಳು: "ಗುಂಡಿ ಎದೆ ಮ್ಯಾಲೆ ಬ್ಯಾಡ. ಕೂಸಿನ ಜುಬ್ಬಕ್ಕೆ ಇರ್ತವಲ್ಲ, ಹಂಗೆ ಪಕ್ಕಕ್ಕೆ ಲಾಡಿ ಇಡ್ಸು."

ಮತ್ತೆ ಅದೇ ಟೈಲರ್. ನನ್ನನ್ನು ಕಂಡೊಡನೆ ಅವನು ಸೂಜಿಪೆಟ್ಟಿಗೆ ಒಳಗಿಟ್ಟುಕೊಂಡ. ಸೀರೆ ಬಿಚ್ಚಿದ ಮೇಲೆ ಕಂಬಳಿ ಅಂಗಿಯ ಹಳೇ ಅಳತೆ ಹುಡುಕಿ ತೆಗೆದ.

ಅಂಗಿ ಬಂದ ಬೆಳಿಗ್ಗೆ ಭಾವ ಅದನ್ನು ತೊಟ್ಟು ಜಗಲಿಯಲ್ಲಿ ನಿಂತರು. ಪಕ್ಕದಲ್ಲಿ ಲಾಡಿ, ತೋಳಿನ ತುದಿಗೆ ಸೀರೆಯ ಸವೆದ ಅಂಚು. ಆ ನೆರೆತ ಮೀಸೆಗೂ ಆ ಕೂಸಿನ ಜುಬ್ಬಕ್ಕೂ ಎಲ್ಲಿಂದೆಲ್ಲಿಗೆ! ಇನ್ನೇನು ತಕರಾರು ಬರುತ್ತದೋ ಎಂದು ನಾನು ಸಿಟ್ಟನ್ನು ಸಿದ್ಧಮಾಡಿಕೊಂಡು ಕಾದೆ. ಬರಲಿಲ್ಲ. ಅವರು ಎದೆಯ ಮೇಲೆ ಅಂಗೈಯಾಡಿಸಿದರು, ಇನ್ನೊಮ್ಮೆ ಆಡಿಸಿದರು. ತೋಳಿನ ಅಂಚು ನೋಡಿದರು. ಇಷ್ಟು ವರ್ಷ ಬಾಗಿಲ ಸಂದಿಯಲ್ಲಿ ಕಂಡ ಅಂಚು; ಅದು ಯಾರ ಸೀರೆ ಎಂದು ಅವರಿಗೆ ಗೊತ್ತಾಗಿಬಿಟ್ಟಿತು.

"ಅತ್ತೆಗೆ ಹೇಳಪ್ಪ..." ಅಂದರು. ಅಷ್ಟಕ್ಕೇ ನಿಲ್ಲಿಸಿ ಆ ಅಂಚನ್ನೇ ನೀವತೊಡಗಿದರು.

ಏನು ಹೇಳಲಿ? ಮಾತೇ ಇಲ್ಲದ ಮಾತನ್ನು ದಾಟಿಸುವುದು ಹೇಗೆ? ಆದರೂ ಹಳೆಯ ಅಭ್ಯಾಸದಂತೆ ಬಾಗಿಲ ಕಡೆ ತಿರುಗಿ "ಅಮ್ಮಾ" ಅಂದೆ. ಬಾಗಿಲ ಹಿಂದೆ ಯಾರೂ ಇರಲಿಲ್ಲ. ಅಮ್ಮ ಜಗಲಿಗೇ ಬಂದಿದ್ದಳು. ನನ್ನನ್ನು ಸರಿಸಿ, ಭಾವನ ಎದುರಿಗೆ ನಿಂತಳು. ಸಡಿಲವಾಗಿದ್ದ ಲಾಡಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ನಿಧಾನಕ್ಕೆ ಹೋಗು ಕಣಪ್ಪ. ಬಿಸ್ಲು ಏರೋದ್ರೊಳಗೆ ಬಂದ್ಬುಡು."

"ಬತ್ತೀನಿ ಕಣವ್ವ" ಅಂದರು ಭಾವ.

ಸೈಕಲ್ ಗೇಟು ದಾಟಿ ತೆಂಗಿನ ಸಾಲಿನ ನಡುವೆ ಗುಡ್ಡದ ಕಡೆಗೆ ಹೊರಟಿತು. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಇಷ್ಟು ವರ್ಷ ನಡುವೆ ನಿಂತು ಮಾತು ದಾಟಿಸಿದ ನನ್ನ ಕೆಲಸ ಅಲ್ಲಿಗೆ ಹೋಯಿತು, ಒಬ್ಬರೂ ಒಂದು ಮಾತು ಕೇಳಲಿಲ್ಲ. ಕೋಪದಿಂದ ಅಮ್ಮನ ಕಡೆ ನೋಡಿದೆ. ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. ಅವಳು ಅದನ್ನು ಎಳೆದುಕೊಳ್ಳದೆ, ಕಣ್ಣಿಗೆ ಕೈ ಅಡ್ಡ ಹಿಡಿದು, ಗುಡ್ಡವನ್ನೇ ನೋಡುತ್ತಾ ನಿಂತಿದ್ದಳು.